ಕರ್ಣನನ್ನು ಹುಡುಗಿ ಮಾಡಿ ಅಂತರಿಕ್ಷಕ್ಕೆ ಕಳಿಸಿದ್ದಾರೆ, ಓದಿದವರು ಯಾರಾದರೂ ಇದ್ದೀರಾ?

ಹಳೇಕನ್ನಡಕ

ಮೊದಲೇ ಹೇಳಿಬಿಡುತ್ತೇನೆ, ನಾನು ಫ್ಯಾಂಟಸಿ ಓದುವವಳೇ ಅಲ್ಲ. ಡ್ರ್ಯಾಗನ್, ಮಂತ್ರದಂಡ ಅಂತ ಶುರುವಾದ ಕೂಡಲೇ ನನಗೆ ನಿದ್ದೆ. ಆದರೆ ಹೋದ ವಾರ ಹದಿಮೂರು ವರ್ಷದ ಮಗಳು ಮೂರು ಸಲ ಊಟಕ್ಕೆ ಕರೆದರೂ ಏಳದೆ ಒಂದು ಪುಸ್ತಕ ಹಿಡಿದು ಕೂತಿದ್ದಳು. ಏನೇ ಅದು ಅಂದರೆ, "ಅಮ್ಮಾ, ಕರ್ಣ ಹುಡುಗಿಯಾಗಿದ್ದಿದ್ದರೆ ಅಂತ ಕಥೆ, ಸ್ಪೇಸ್‌ಶಿಪ್ ಎಲ್ಲಾ ಇದೆ" ಅಂದಳು. ನಾನು ನಕ್ಕೆ. ಅವಳು ಮಲಗಿದ ಮೇಲೆ ಸುಮ್ನೆ ನಾಲ್ಕು ಪುಟ ನೋಡೋಣ ಅಂತ ತೆಗೆದೆ. ಎರಡು ರಾತ್ರಿ ಹೋಯಿತು.

ಪುಸ್ತಕ 'ಎ ಸ್ಪಾರ್ಕ್ ಆಫ್ ವೈಟ್ ಫೈರ್'. 2018ರದ್ದು, ಮೂರು ಭಾಗದ ಸರಣಿಯಲ್ಲಿ ಮೊದಲನೆಯದು. ಬರೆದವರು ಸಂಗು ಮಂದಣ್ಣ. ಬೆಂಗಳೂರಿನಲ್ಲಿ ಬೆಳೆದವರು, ಈಗ ಇರುವುದು ಇಂಗ್ಲೆಂಡಿನಲ್ಲಿ.

ತುದಿ ಹೇಳುವುದಿಲ್ಲ, ಹೆದರಬೇಡಿ. ಇದರಲ್ಲಿ ರಾಜ್ಯಗಳು ಇರುವುದೇ ಆಕಾಶದಲ್ಲಿ, ದೊಡ್ಡ ದೊಡ್ಡ ಹಡಗುಗಳ ಮೇಲೆ. ಶಾಪ ಹೊತ್ತ ಒಬ್ಬ ರಾಣಿ ಹೆಣ್ಣುಕೂಸನ್ನು ದೂರ ಕಳಿಸಿಬಿಡುತ್ತಾಳೆ. ಆ ಕೂಸೇ ಎಸ್ಮೆ. ಜೊತೆಗೆ ಹುಟ್ಟಿದ ಅಲೆಕ್ಸಿ ಅರಮನೆಯಲ್ಲಿ ಬೆಳೆದು ಹೆಸರುವಾಸಿ ವೀರನಾಗುತ್ತಾನೆ. ಆಮೇಲೆ ಅಪ್ಪನ ಒಡಹುಟ್ಟಿದವನು ಪಟ್ಟ ಕಸಿದುಕೊಂಡು ಅಣ್ಣತಮ್ಮಂದಿರನ್ನು ಹೊರಗೆ ಹಾಕುತ್ತಾನೆ. ಇನ್ನೊಬ್ಬ ರಾಜ ಒಂದು ಪಂದ್ಯ ಇಡುತ್ತಾನೆ. ಗೆದ್ದವರಿಗೆ ಯಾರೂ ಸೋಲಿಸಲಾಗದ ಯುದ್ಧನೌಕೆ ಟೈಟಾನಿಯಾ. ಆ ನೌಕೆಗೆ ಬುದ್ಧಿ ಇದೆ, ಮಾತಾಡುತ್ತದೆ. ಎಸ್ಮೆ ಅದನ್ನು ಗೆದ್ದು, ನಾನು ಇಂಥವರ ಮಗಳು ಅಂತ ಎಲ್ಲರೆದುರು ಹೇಳಿ ಮನೆಗೆ ಹೋಗೋಣ ಅಂದುಕೊಳ್ಳುತ್ತಾಳೆ. ಅಂದುಕೊಂಡ ಹಾಗೆ ಆಗುವುದಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಒಂದೇ. ನಮ್ಮ ಕರ್ಣನಿಗೆ ತಾನು ಯಾರು ಅಂತ ಗೊತ್ತೇ ಇರುವುದಿಲ್ಲ. ಯುದ್ಧಕ್ಕೆ ಇನ್ನೇನು ಕೆಲವು ದಿನ ಅನ್ನುವಾಗ ಕೃಷ್ಣ ಬಂದು ಹೇಳುತ್ತಾನೆ, ಆಗ ತಡವಾಗಿರುತ್ತದೆ. ಈ ಹುಡುಗಿಗೆ ಮೊದಲಿನಿಂದಲೂ ಗೊತ್ತು! ಗೊತ್ತಿದ್ದೂ ದೂರದಲ್ಲಿ ಕೂತು ಸ್ವಂತ ತಮ್ಮಂದಿರನ್ನು ನೋಡಬೇಕು. ಇದರಿಂದ ಕಥೆ ಹಗುರವಾಯಿತೋ ಭಾರವಾಯಿತೋ ಹೇಳಿ. ನನ್ನ ಪ್ರಕಾರ ಭಾರವಾಯಿತು. ಮನೆಯವರು ಬೇರೆ ಹೇಳುತ್ತಿದ್ದಾರೆ.

ಖಡಕ್‌ರೊಟ್ಟಿ

ನಾನು ಓದಿಲ್ಲ, ಓದುವುದೂ ಇಲ್ಲ. ಸಿಟ್ಟು ಮಾಡಿಕೊಳ್ಳಬೇಡಿ ಮೇಡಂ. ಇವತ್ತು ಕರ್ಣ ಹುಡುಗಿ, ನಾಳೆ ಭೀಮ ರೋಬೋಟ್. ನಮ್ಮ ಮಕ್ಕಳು ಇದೇ ಮಹಾಭಾರತ ಅಂದುಕೊಂಡರೆ ಏನು ಮಾಡುತ್ತೀರಿ?

ಹದಿನಾರರ_ಹುಡುಗ

ಭೀಮ ರೋಬೋಟ್ ಐಡಿಯಾ ಚೆನ್ನಾಗಿದೆ ಅಂಕಲ್, ನಾನು ಬರೀಲಾ?

ಚೌಕಿಮನೆ

ಹಳೇಕನ್ನಡಕ ಅಕ್ಕ, ಒಂದು ಸಣ್ಣ ತಮಾಷೆ. ನೀವು "ಅಪ್ಪನ ಒಡಹುಟ್ಟಿದವನು" ಅಂತ ಬರೆದಿದ್ದೀರಿ. ಇಂಗ್ಲಿಷಿನಲ್ಲಿ ಅಂಕಲ್ ಅಂದರೆ ಮುಗಿಯಿತು, ಚಿಕ್ಕಪ್ಪನೋ ದೊಡ್ಡಪ್ಪನೋ ಮಾವನೋ ದೇವರಿಗೇ ಗೊತ್ತು. ಆದರೆ ಆ ಕಾದಂಬರಿಯಲ್ಲಿ ಆ ಮನುಷ್ಯನಿಗೆ ಕಣ್ಣು ಕಾಣುವುದಿಲ್ಲ ಅಲ್ವಾ? ಅದನ್ನು ಓದಿದ ಕೂಡಲೇ ನಮಗೆ ದೊಡ್ಡಪ್ಪ ಅಂತ ಯಾರೂ ಹೇಳದೆ ಗೊತ್ತಾಗಿಬಿಡುತ್ತದೆ. ಅಮೆರಿಕದ ಓದುಗನಿಗೆ ಅದು ಬರೀ ಒಬ್ಬ ಕುರುಡು ರಾಜ, ನಮಗೆ ಆ ಒಂದು ಮಾತಿನಲ್ಲಿ ಇಡೀ ಹಸ್ತಿನಾವತಿ. ಇಂಥ ಪುಸ್ತಕ ಓದುವಾಗ ನಮಗೆ ಸಿಗುವ ಮಜಾ ಅದೇ ಮಾರಾಯ್ರೇ.

ಟೀಚರ್_ಗದಗ

ಖಡಕ್‌ರೊಟ್ಟಿ ಅವರಿಗೆ ಒಂದು ಮಾತು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಭಾರತವೇ ಬದಲಾಯಿಸಿದ ಭಾರತ. 941ರಲ್ಲಿ ಪಂಪ ವಿಕ್ರಮಾರ್ಜುನ ವಿಜಯ ಬರೆದಾಗ ದ್ರೌಪದಿಯನ್ನು ಐವರಿಗೆ ಕೊಡಲಿಲ್ಲ, ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಯಾಕೆ? ತನ್ನ ರಾಜ ಅರಿಕೇಸರಿಯನ್ನೇ ಅರ್ಜುನ ಮಾಡಿ ಬರೆಯುತ್ತಿದ್ದ, ಕೊನೆಗೆ ಅವನನ್ನೇ ಪಟ್ಟಕ್ಕೂ ಕೂರಿಸಿದ. ಇಷ್ಟೆಲ್ಲ ಮಾಡಿಯೂ ಭಾರತದಲ್ಲಿ ಯಾರನ್ನಾದರೂ ಒಬ್ಬರನ್ನು ನೆನೆಯುವುದಾದರೆ ಕರ್ಣನನ್ನು ನೆನೆ ಅಂದುಬಿಟ್ಟ. ತನ್ನ ರಾಜನ ಎದುರಾಳಿಯನ್ನು! ಜೈನ ರಾಮಾಯಣಗಳಲ್ಲಿ ರಾವಣನನ್ನು ಕೊಲ್ಲುವವನು ರಾಮನೇ ಅಲ್ಲ, ಲಕ್ಷ್ಮಣ. ನಾಗಚಂದ್ರನ ರಾವಣನ ಮೇಲೆ ಸಿಟ್ಟು ಬರುವುದಕ್ಕಿಂತ ಕನಿಕರ ಬರುವುದೇ ಜಾಸ್ತಿ. ಹಾಗಾಗಿ "ಬದಲಾಯಿಸಬಾರದು" ಅನ್ನುವ ವಾದ ಕನ್ನಡದವರ ಬಾಯಲ್ಲಿ ನಿಲ್ಲುವುದಿಲ್ಲ. ಚೆನ್ನಾಗಿ ಬದಲಾಯಿಸಿದರಾ ಅಂತ ಕೇಳಿ, ಅದು ಸರಿಯಾದ ಪ್ರಶ್ನೆ.

ಖಡಕ್‌ರೊಟ್ಟಿ

ಪಂಪನ ಹೆಸರು ಬರುತ್ತದೆ ಅಂತ ನನಗೆ ಗೊತ್ತಿತ್ತು ಗುರುಗಳೇ. ಆದರೆ ಕೇಳಿ. ಪಂಪನನ್ನು ಕೇಳುತ್ತಿದ್ದವರಿಗೆ ಮೂಲ ಕಥೆ ಗೊತ್ತಿತ್ತು. ಎಲ್ಲಿ ತಿರುಗಿಸಿದ, ಎಲ್ಲಿ ಬಿಟ್ಟ ಅಂತ ಅವರಿಗೆ ತಿಳಿಯುತ್ತಿತ್ತು. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ನಕುಲ ಸಹದೇವರಲ್ಲಿ ಮಾದ್ರಿಯ ಮಕ್ಕಳು ಯಾರು ಅಂತ ಕೇಳಿ ನೋಡಿ. (ಇಬ್ಬರೂ, ಅದೇ ತಮಾಷೆ.) ಮೂಲವೇ ಗೊತ್ತಿಲ್ಲದವರಿಗೆ ಬದಲಾವಣೆ ಕೊಟ್ಟರೆ ಅದು ಬದಲಾವಣೆ ಅಂತ ಗೊತ್ತಾಗುವುದು ಹೇಗೆ?

ಟೀಚರ್_ಗದಗ

ಇದು ಒಳ್ಳೆ ಪ್ರಶ್ನೆ. ಒಪ್ಪಿದೆ. ತಪ್ಪು ಮಾತ್ರ ಆ ಲೇಖಕಿಯದಲ್ಲ, ನಮ್ಮದು.

ಹದಿನಾರರ_ಹುಡುಗ

ನನ್ನದು ಉಲ್ಟಾ ಆಯಿತು. ನಾನು ಮೊದಲು ಆ ಮೂರೂ ಭಾಗ ಓದಿದೆ. ಯುದ್ಧದೇವತೆಯ ಹೆಸರು ಅಂಬಾ ಅಂತ ಇದೆಯಲ್ಲ, ಅದನ್ನು ಅಜ್ಜನ ಹತ್ತಿರ ಹೇಳಿದಾಗ ಅವರು "ಯಾವ ಅಂಬೆ? ಭೀಷ್ಮನನ್ನು ಕೊಲ್ಲಲು ಮತ್ತೆ ಹುಟ್ಟಿ ಬಂದವಳಾ?" ಅಂದರು. ಅಲ್ಲಿಂದ ಶಿಖಂಡಿ ಕಥೆ, ಅಲ್ಲಿಂದ ಭೀಷ್ಮನ ಕಥೆ, ಆ ರಾತ್ರಿ ಒಂದು ಗಂಟೆವರೆಗೆ ಅಜ್ಜ ನಿಲ್ಲಿಸಲೇ ಇಲ್ಲ. ಅಮ್ಮ ಬಂದು ಲೈಟ್ ಆರಿಸಿದರು. ಹಾಗಾಗಿ ಉಲ್ಟಾ ದಾರಿಯಲ್ಲಿ ಹೋದರೂ ಅಲ್ಲಿಗೇ ಹೋಗಬಹುದು.

ಡಲ್ಲಾಸ್_ಅಮ್ಮ

ಹುಡುಗ ಹೇಳಿದ್ದು ನೂರಕ್ಕೆ ನೂರು ನಿಜ, ಆದರೆ ಅಜ್ಜ ಪಕ್ಕದ ಕೋಣೆಯಲ್ಲಿ ಇರಬೇಕಲ್ಲಪ್ಪ. ಇಲ್ಲಿ ನಮ್ಮ ಮನೆಯಲ್ಲಿ ಅಜ್ಜ ಭಾನುವಾರ ವಿಡಿಯೋ ಕಾಲ್‌ನಲ್ಲಿ ಸಿಗುತ್ತಾರೆ, ಅದೂ ಅರ್ಧ ಹಣೆ ಮಾತ್ರ ಕಾಣುತ್ತದೆ.

ನಮ್ಮ ಮಕ್ಕಳಿಗೆ ಬಾಗಿಲು ತೆರೆದಿದ್ದು ರೋಶನಿ ಚೋಕ್ಷಿಯವರ 'ಆರು ಶಾ' ಸರಣಿ. ಅದು ಇನ್ನೂ ಚಿಕ್ಕವರಿಗೆ, ಹತ್ತು ಹನ್ನೆರಡರವರಿಗೆ. ಮೊದಲ ಪುಸ್ತಕವೂ 2018ರದ್ದೇ, ಐದನೆಯದಕ್ಕೆ ಮುಗಿಯಿತು. ಅಟ್ಲಾಂಟಾದ ಒಂದು ಮ್ಯೂಸಿಯಂನಲ್ಲಿ ಬೆಳೆಯುವ ಹುಡುಗಿ, ಕ್ಲಾಸಿನವರ ಮುಂದೆ ದೊಡ್ಡಸ್ತಿಕೆ ತೋರಿಸಲು ಮುಟ್ಟಬಾರದ ದೀಪ ಹಚ್ಚಿಬಿಡುತ್ತಾಳೆ. ಅಲ್ಲಿಂದ ಪಾಂಡವರು ಹುಡುಗಿಯರಾಗಿ ಮತ್ತೆ ಹುಟ್ಟಿದ್ದಾರೆ ಅಂತ ಹೊರಡುತ್ತದೆ. ದಾರಿ ತೋರಿಸುವವನು ಒಂದು ಪಾರಿವಾಳ, ಸದಾ ಗೊಣಗುತ್ತಿರುತ್ತದೆ. ನನ್ನ ಮಗ ಆ ಪಾರಿವಾಳಕ್ಕೋಸ್ಕರವೇ ಐದೂ ಓದಿದ.

ಮೊದಲು ನನಗೂ ಇರಿಸುಮುರಿಸು ಆಗಿತ್ತು. ಜೋಕ್ ಜಾಸ್ತಿ. ಎರಡು ಪುಟಕ್ಕೊಮ್ಮೆ ಅಮೆರಿಕದ ಟಿವಿ ಷೋ ಮಾತು. ಆದರೆ ಒಂದು ದಿನ ಶಾಲೆಯಲ್ಲಿ ಗ್ರೀಕ್ ದೇವತೆಗಳ ಪಾಠ ನಡೆಯುವಾಗ ಇವನು ಕೈ ಎತ್ತಿ ನಮ್ಮಲ್ಲೂ ಸಿಡಿಲಿನ ದೇವರಿದ್ದಾನೆ, ಹೆಸರು ಇಂದ್ರ ಅಂದನಂತೆ. ಮೊದಲೆಲ್ಲ ಡಬ್ಬಿಯಲ್ಲಿ ಚಿತ್ರಾನ್ನ ಹಾಕಿದರೆ ಮುಚ್ಚಿಟ್ಟುಕೊಂಡು ತಿನ್ನುತ್ತಿದ್ದ ಹುಡುಗ ಅವನು.

ಅರ್ಧಂಬರ್ಧ_ಬರಹಗಾರ

ನಾನು ಸ್ವಲ್ಪ ಒಳಗಿನಿಂದ ಮಾತಾಡುತ್ತೇನೆ, ಯಾಕೆಂದರೆ ಇಂಥದ್ದೊಂದು ಬರೆಯಲು ಹೋಗಿ ಕೈ ಸುಟ್ಟುಕೊಂಡವನು ನಾನು. ಮೂರು ವರ್ಷ ಹಿಂದೆ ಕನ್ನಡದಲ್ಲೇ ಹದಿಹರೆಯದವರಿಗೆ ಒಂದು ಕಾದಂಬರಿ ಶುರು ಮಾಡಿದೆ. ಹಿಮಾಲಯದ ಗುಹೆಯಲ್ಲಿ ಒಂದು ಗುರುಕುಲ, ಅಲ್ಲಿ ನಾಲ್ಕು ತಂಡ, ಒಬ್ಬ ಅನಾಥ ಹುಡುಗ, ಹಣೆಯ ಮೇಲೆ ಒಂದು ಗುರುತು. ಇನ್ನೂರು ಪುಟ ಬರೆದ ಮೇಲೆ ಗೆಳೆಯನಿಗೆ ಕೊಟ್ಟೆ. ಅವನು ಓದಿ, "ಇಂಗ್ಲಿಷ್ ಹುಡುಗರಿಗೆ ಪಂಚೆ ಉಡಿಸಿದ್ದೀಯ" ಅಂದ. ಒಂದು ವಾರ ಅವನ ಜೊತೆ ಮಾತು ಬಿಟ್ಟೆ. ಆಮೇಲೆ ನಾನೇ ಕೂತು ಓದಿದೆ. ಸರಿಯಾಗೇ ಹೇಳಿದ್ದ.

ತಪ್ಪಿದ್ದು ಎಲ್ಲಿ? ಹೆಸರು ನಮ್ಮದು, ಬಟ್ಟೆ ನಮ್ಮದು, ಆದರೆ ಕಥೆಯನ್ನು ಓಡಿಸುವ ಯಂತ್ರ ಬೇರೆ ಕಡೆಯದು. ಅಲ್ಲಿನ ಕಥೆಗಳಲ್ಲಿ ಮಾಯಾಶಕ್ತಿ ಅಂದರೆ ಹುಟ್ಟಿನಿಂದ ಬಂದದ್ದು ಅಥವಾ ಶಾಲೆಯಲ್ಲಿ ಕಲಿತದ್ದು. ನಮ್ಮಲ್ಲಿ ಅದು ಕೊಟ್ಟ ಮಾತು. ವರ, ಶಾಪ, ಪ್ರತಿಜ್ಞೆ, ಆಣೆ ಎಲ್ಲವೂ ಬಾಯಿಂದ ಹೊರಟ ಮಾತೇ, ಒಮ್ಮೆ ಹೊರಟರೆ ಕೊಟ್ಟವನೂ ವಾಪಸ್ ತೆಗೆದುಕೊಳ್ಳಲಾರ. ಶಪಿಸಿದ ಋಷಿಗೇ ಅಯ್ಯೋ ಅನಿಸಿದರೂ ಅಳಿಸಲಾಗುವುದಿಲ್ಲ, ಉಶ್ಶಾಪ ಅಂತ ಕೊನೆಗೊಂದು ಸಾಲು ಸೇರಿಸಬಹುದು ಅಷ್ಟೇ.

ಇನ್ನೊಂದು ನೋಡಿ. ಹಿರಣ್ಯಕಶಿಪು ಒಳ್ಳೆ ವಕೀಲನ ಹಾಗೆ ವರ ಕೇಳಿದ. ಹಗಲಲ್ಲ ರಾತ್ರಿಯಲ್ಲ, ಒಳಗಲ್ಲ ಹೊರಗಲ್ಲ, ಮನುಷ್ಯನಲ್ಲ ಮೃಗವಲ್ಲ. ಆದರೂ ಒಂದು ಹೊಸ್ತಿಲಷ್ಟು ಜಾಗ ಉಳಿಯಿತು. ರಾವಣ ದೇವ ದಾನವ ಗಂಧರ್ವ ಎಲ್ಲರ ಹೆಸರು ಹೇಳಿ ಮನುಷ್ಯರನ್ನು ಬಿಟ್ಟ, ಮರೆತು ಬಿಟ್ಟದ್ದಲ್ಲ, ಇವರೇನು ಮಾಡುತ್ತಾರೆ ಅನ್ನುವ ತಾತ್ಸಾರದಿಂದ. ಮಹಿಷನಿಗೆ ಹೆಣ್ಣಿನ ಬಗ್ಗೆ ಅದೇ ತಾತ್ಸಾರ. ಯಾರನ್ನು ಕೀಳಾಗಿ ಕಂಡರೋ ವರದಲ್ಲಿ ತೂತು ಬಿದ್ದಿದ್ದು ಸರಿಯಾಗಿ ಅಲ್ಲೇ. ಇದು ನನಗೆ ಹೊಳೆದ ದಿನ ಇನ್ನೂರು ಪುಟ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದೆ.

ಹಳೇಕನ್ನಡಕ ಅವರು ಹೇಳುವ ಪುಸ್ತಕ ನಾನೂ ಓದಿದ್ದೇನೆ. ಅದು ನಿಲ್ಲುವುದು ಸ್ಪೇಸ್‌ಶಿಪ್‌ನಿಂದ ಅಲ್ಲ. ಅಲ್ಲಿ ಶಾಪ ಶಾಪದ ಹಾಗೆಯೇ ಕೆಲಸ ಮಾಡುತ್ತದೆ. ತಪ್ಪಿಸಿಕೊಳ್ಳಲು ಮಾಡಿದ ಉಪಾಯವೇ ಅದನ್ನು ನಿಜ ಮಾಡುತ್ತದೆ. ಹೆಸರುಗಳೆಲ್ಲ ಬೇರೆ ಇದ್ದರೂ ಯಂತ್ರ ನಮ್ಮದು.

ಹಳೇಕನ್ನಡಕ

"ಇಂಗ್ಲಿಷ್ ಹುಡುಗರಿಗೆ ಪಂಚೆ ಉಡಿಸಿದ್ದೀಯ"... ಅಯ್ಯೋ, ಪಾಪ ನೀವು. ಆದರೆ ಗೆಳೆಯ ಅಂದರೆ ಹಾಗಿರಬೇಕು.

ಒಂದು ತಕರಾರು ನನ್ನದೂ ಇದೆ. ಆ ಕಾದಂಬರಿಯಲ್ಲಿ ರಾಜ್ಯದ ಹೆಸರು ಕಾಳಿ. ನನಗೆ ಪ್ರತಿ ಸಲವೂ ಎಡವಿದ ಹಾಗಾಯಿತು. ದೇವಿಯ ಹೆಸರನ್ನು ಊರಿಗಿಟ್ಟರೆ ತಪ್ಪೇನಿಲ್ಲ, ನಮ್ಮಲ್ಲಿ ಎಷ್ಟು ಊರಿಲ್ಲ. ಆದರೆ "ಕಾಳಿಯ ಸಿಂಹಾಸನ", "ಕಾಳಿಯನ್ನು ಗೆಲ್ಲುವುದು" ಅಂತ ಬಂದಾಗ ತಲೆ ಒಂದು ಕ್ಷಣ ಬೇರೆಲ್ಲೋ ಹೋಗಿ ಬರುತ್ತದೆ. ಅಲೆಕ್ಸಿ, ಟೈಟಾನಿಯಾ ಅನ್ನುವ ಹೆಸರುಗಳ ನಡುವೆ ಅದು ಪಾಯಸದಲ್ಲಿ ಕಲ್ಲು ಸಿಕ್ಕ ಹಾಗೆ. ಮಗಳಿಗೆ ಹೇಳಿದರೆ ಅವಳಿಗೆ ಏನೂ ಅನಿಸಿಲ್ಲವಂತೆ.

ಕಾಫಿಹೂವು

ಮಂದಣ್ಣ ಅನ್ನುವ ಹೆಸರು ನೋಡಿ ಓಡಿ ಬಂದೆ. ನಾನು ಕೊಡಗಿನವಳು, ಈಗ ಇರುವುದು ಮೈಸೂರಿನಲ್ಲಿ. ಆ ಲೇಖಕಿ ನಾಲ್ಕು ವರ್ಷದವರಿದ್ದಾಗ ಆನೆ ಅಟ್ಟಿಸಿಕೊಂಡು ಬಂದಿತ್ತಂತೆ, ಅವರು ಬರೆದ ಮೊದಲ ಕಥೆ ಅದರದ್ದೇ. ಅವರ ಪರಿಚಯದಲ್ಲಿ ಯಾವಾಗಲೂ ಈ ಮಾತು ಇರುತ್ತದೆ. ಓದಿದವರಿಗೆ ಏನೋ ಜಾದೂ ಅನಿಸಬಹುದು. ನಮ್ಮ ಕಡೆ ಅದು ಮಂಗಳವಾರದ ಸುದ್ದಿ. ತೋಟಕ್ಕೆ ಹೋದವರು ಬೇಗ ವಾಪಸ್ ಬಂದರೆ ಯಾಕೆ ಅಂತ ಕೂಡ ಯಾರೂ ಕೇಳುವುದಿಲ್ಲ.

ಅವರದ್ದೇ ಇನ್ನೊಂದು ಇದೆ, 'ಕಿಕಿ ಕಳ್ಳಿರ ಬ್ರೇಕ್ಸ್ ಎ ಕಿಂಗ್‌ಡಮ್', 2021. ಇದು ನಮಗೆ ಇನ್ನೂ ಹತ್ತಿರದ್ದು. ಲಂಡನ್ನಿನಲ್ಲಿರುವ ಹನ್ನೊಂದು ವರ್ಷದ ಹುಡುಗಿ, ಎಲ್ಲದಕ್ಕೂ ಆತಂಕ. ಬಾಗಿಲು ಹಾಕಿದ್ದೇನಾ, ಸ್ಟವ್ ಆರಿಸಿದ್ದೇನಾ ಅನ್ನುವ ಥರದ ಆತಂಕ. ಮನಸ್ಸು ತಣ್ಣಗಾಗಲಿ ಅಂತ ಚಿತ್ರ ಬರೆಯುತ್ತಾಳೆ. ಬರೆಯುವುದು ಏನನ್ನು? ಹಳೇ ಮೈಸೂರನ್ನು! ಆ ಚಿತ್ರದೊಳಗಿನ ಮೈಸೂರು ಜೀವ ಪಡೆದು, ಅದರೊಳಗೆ ಮಹಿಷಾಸುರ ರಾಜನಾಗಿ ಕೂತಿದ್ದಾನೆ. ಅವನನ್ನು ಸೃಷ್ಟಿಸಿದವಳೂ ಇವಳೇ, ಎದುರಿಸಬೇಕಾದವಳೂ ಇವಳೇ.

ನಾನು ದಿನಾ ಚಾಮುಂಡಿ ಬೆಟ್ಟ ನೋಡಿಕೊಂಡು ಆಫೀಸಿಗೆ ಹೋಗುವವಳು. ಬೆಟ್ಟದ ಮೇಲೆ ಒಂದು ಕೈಯಲ್ಲಿ ಖಡ್ಗ ಇನ್ನೊಂದರಲ್ಲಿ ಹಾವು ಹಿಡಿದು ನಿಂತಿರುವ ಮಹಿಷಾಸುರನ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ದೇವಿಗಿಂತ ಅವನ ಫೋಟೋನೇ ಜಾಸ್ತಿ ಇರಬೇಕು, ಪುಣ್ಯಾತ್ಮ. ಊರಿನ ಹೆಸರೂ ಅವನಿಂದಲೇ ಬಂದದ್ದು. ಕೊಂದ ರಾಕ್ಷಸನ ಹೆಸರನ್ನೇ ಊರಿಗೆ ಇಟ್ಟುಕೊಂಡು ಅವನನ್ನು ಬಣ್ಣ ಬಳಿದು ನಿಲ್ಲಿಸಿಕೊಂಡ ಜನ ನಾವು. ಇದನ್ನು ಆ ಪುಟ್ಟ ಹುಡುಗಿಯ ಆತಂಕಕ್ಕೆ ಜೋಡಿಸಿದ್ದು ನನಗೆ ಬಹಳ ಹಿಡಿಸಿತು. ಒಳಗಿನ ರಾಕ್ಷಸ ಪೂರ್ತಿ ಹೋಗುವುದಿಲ್ಲ, ಊರಿನಲ್ಲೇ ಎಲ್ಲೋ ನಿಂತಿರುತ್ತಾನೆ.

ಖಡಕ್‌ರೊಟ್ಟಿ

ಇದು ಸ್ವಲ್ಪ ಚೆನ್ನಾಗಿದೆ.

ಹಳೇಕನ್ನಡಕ

ಎಲ್ಲರೂ ಗಮನಿಸಿ, ಖಡಕ್‌ರೊಟ್ಟಿಗೆ ಬೆಣ್ಣೆ ಸವರಿದವರು ಕಾಫಿಹೂವು.

ಕಾಫಿಹೂವು

ಹಹ್ಹ. ಇನ್ನೊಂದು ಹೇಳಿ ಸುಮ್ಮನಾಗುತ್ತೇನೆ. ನಮ್ಮಲ್ಲಿ ಸೀರೆ ನೆರಿಗೆ ಹಿಂದೆ ಬರುತ್ತದೆ, ನೋಡಿರುತ್ತೀರಿ. ಅದಕ್ಕೆ ಕಥೆ ಇದೆ. ಅಗಸ್ತ್ಯರು ತನ್ನನ್ನು ಕಮಂಡಲದಲ್ಲಿ ಬಿಟ್ಟು ಹೋದರು ಅಂತ ಕಾವೇರಿ ನದಿಯಾಗಿ ಹರಿದು ಹೊರಟಳು. ಬಲಮುರಿಯ ಹತ್ತಿರ ಕೊಡವರು ಅಡ್ಡ ನಿಂತು ತಡೆಯಲು ನೋಡಿದರು. ನೀರಿನ ರಭಸಕ್ಕೆ ಹೆಂಗಸರ ನೆರಿಗೆ ಮುಂದಿನಿಂದ ಹಿಂದಕ್ಕೆ ಹೋಯಿತು. ಇವತ್ತಿಗೂ ಹಾಗೇ ಉಡುತ್ತೇವೆ. ನನಗೆ ಅಜ್ಜಿ ಸೀರೆ ಉಡಿಸುತ್ತಾ, ಸೆರಗಿನ ಗಂಟು ಬಿಗಿಯುವಾಗ ಇದನ್ನು ಹೇಳಿದ್ದು. ಗಂಟು ಬಿಗಿಯಾದಾಗ "ನೀರು ಹಿಡಿದ ಹಾಗೆ ಹಿಡಿಯಬೇಕು" ಅಂದಿದ್ದರು. ಮಾತು ತಪ್ಪಿದ ಗಂಡನನ್ನು ಬಿಟ್ಟು ಹೊರಟು ನದಿಯಾದ ಹೆಣ್ಣು, ಕಾದಂಬರಿಗೆ ಇದಕ್ಕಿಂತ ಏನು ಬೇಕು? ಯಾರಾದರೂ ಬರೆಯಿರಪ್ಪ, ಕನ್ನಡದಲ್ಲೋ ಕೊಡವ ತಕ್ಕಿನಲ್ಲೋ.

ಚೌಕಿಮನೆ

ಖಡಕ್‌ರೊಟ್ಟಿಯವರ ಮೊದಲ ಪ್ರಶ್ನೆಗೆ ನಾನು ಇನ್ನೂ ಸಿಕ್ಕಿಹಾಕಿಕೊಂಡಿದ್ದೇನೆ. ಮೂಲ ಗೊತ್ತಿಲ್ಲದವರಿಗೆ ಬದಲಾವಣೆ ಕೊಡಬಹುದಾ ಅಂತ.

ನಮ್ಮ ಕಡೆ ತಾಳಮದ್ದಳೆ ಗೊತ್ತಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಎದುರು ಬದುರು ಕೂತುಕೊಳ್ಳುತ್ತಾರೆ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಆ ಪದ ಹಿಡಿದು ಅಲ್ಲೇ ಮಾತು ಕಟ್ಟುತ್ತಾರೆ. ಪದ ಅದೇ, ಮಾತು ಪ್ರತಿ ರಾತ್ರಿ ಬೇರೆ. ಒಂದು ಸಲ ನಮ್ಮೂರ ದೇವಸ್ಥಾನದ ಅಂಗಳದಲ್ಲಿ ಕರ್ಣಭೇದನ. ಕುಂತಿ ಮಾಡಿದವರು ಶಾಲೆ ಮೇಷ್ಟ್ರು, ಕರ್ಣ ಮಾಡಿದವರು ಅಡಿಕೆ ವ್ಯಾಪಾರದವರು. ಕರ್ಣ ರೂಢಿಯ ಹಾಗೆ, "ಅರ್ಜುನ ಉಳಿದರೂ ನಾನು ಉಳಿದರೂ ನಿನಗೆ ಐದು ಮಕ್ಕಳು ಇದ್ದೇ ಇರುತ್ತಾರೆ" ಅಂದರು. ಮೇಷ್ಟ್ರು ಸುಮ್ಮನೆ ಇರಬಹುದಿತ್ತು. ಸ್ವಲ್ಪ ಹೊತ್ತು ತಲೆ ತಗ್ಗಿಸಿ, "ಲೆಕ್ಕ ಸರಿಯಾಗಿದೆ ಮಗನೇ. ಆದರೆ ಹೆತ್ತವಳಿಗೆ ಲೆಕ್ಕ ಹೇಳುವುದು ಯಾರಿಂದ ಕಲಿತೆ?" ಅಂದರು. ಅಡಿಕೆ ವ್ಯಾಪಾರಿಗೆ ಮಾತು ಹೊರಡಲಿಲ್ಲ. ಭಾಗವತರು ಅದನ್ನು ಕಂಡು ಮುಂದಿನ ಪದ ಎತ್ತಿ ಅವರನ್ನು ಉಳಿಸಿದರು.

ಆಗ ನನಗೆ ಹನ್ನೊಂದು ವರ್ಷ. ಇದು ಮೂಲದಲ್ಲಿ ಇದೆಯಾ ಇಲ್ಲವಾ ಅಂತ ನನಗೆ ಗೊತ್ತೇ ಇರಲಿಲ್ಲ. ಬಹಳ ವರ್ಷ ಆ ಮಾತು ವ್ಯಾಸರದ್ದೇ ಅಂದುಕೊಂಡಿದ್ದೆ! ದೊಡ್ಡವನಾದ ಮೇಲೆ ಹುಡುಕಿದೆ, ಎಲ್ಲೂ ಇಲ್ಲ. ಬೇಸರ ಆಗಲಿಲ್ಲ, ನಮ್ಮ ಮೇಷ್ಟ್ರ ಮೇಲೆ ಗೌರವ ಜಾಸ್ತಿಯಾಯಿತು. ಅಂದರೆ ನನಗೆ ಮೊದಲು ಸಿಕ್ಕಿದ್ದೇ ಬದಲಾವಣೆ, ಆಮೇಲೆ ಮೂಲ. ಹಳ್ಳಿಯಲ್ಲಿ ಬೆಳೆದ ಸುಮಾರು ಜನರದ್ದು ಇದೇ ಕಥೆ ಇರಬೇಕು.

ಖಡಕ್‌ರೊಟ್ಟಿ

ಮೇಷ್ಟ್ರ ಮಾತು ಓದಿ ಒಂದು ನಿಮಿಷ ಫೋನ್ ಕೆಳಗಿಟ್ಟೆ. ಸರಿ, ನಾನು ಸೋತೆ ಅಂತ ಅಲ್ಲ, ಆದರೆ ನನ್ನ ಪ್ರಶ್ನೆಯನ್ನು ತಿದ್ದಿಕೊಳ್ಳುತ್ತೇನೆ. ಬದಲಾಯಿಸುವವರು ಕಥೆಯ ಒಳಗೆ ಕೂತು ಬದಲಾಯಿಸಲಿ. ನಿಮ್ಮ ಮೇಷ್ಟ್ರು ಒಳಗೆ ಕೂತಿದ್ದರು. ಅಂಗಡಿಯಿಂದ ಮುಖವಾಡ ತಂದ ಹಾಗೆ ಹೆಸರು ಮಾತ್ರ ತಂದರೆ ನನಗೆ ಬೇಡ.

ಅರ್ಧಂಬರ್ಧ_ಬರಹಗಾರ

ಇದನ್ನು ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳುತ್ತೇನೆ ಸರ್, ನಿಜವಾಗಿ.

ಡಲ್ಲಾಸ್_ಅಮ್ಮ

ನನಗೊಂದು ಸಹಾಯ ಬೇಕು. ಮಗ ಈಗ ಹದಿನಾಲ್ಕು. ಕನ್ನಡ ಮಾತಾಡುತ್ತಾನೆ, ಓದುವುದು ನಿಧಾನ. ನಾನೇ ಓದಿ ಹೇಳುವಂಥದ್ದು, ಅವನ ವಯಸ್ಸಿಗೆ ಪೆದ್ದು ಅನಿಸದಂಥದ್ದು ಕನ್ನಡದಲ್ಲಿ ಏನಿದೆ? ನಾವೆಲ್ಲ ಚಂದಮಾಮ, ಅಮರ ಚಿತ್ರ ಕಥೆ ಓದಿ ಬೆಳೆದವರು. ಅವನಿಗೆ ಅವು ಚಿಕ್ಕ ಮಕ್ಕಳದ್ದು ಅನಿಸುತ್ತವೆ. ಅಲ್ಲಿಂದ ನೇರ ಭೈರಪ್ಪನವರ 'ಪರ್ವ' ಕಾದಂಬರಿಗೆ ಹಾರಿಸಲು ಆಗುವುದಿಲ್ಲ. ನಡುವೆ ದೊಡ್ಡ ಖಾಲಿ ಜಾಗ ಇದೆ ಅಲ್ವಾ? ಅದಕ್ಕೆ ಒಂದು ಸರಿಯಾದ ಹೆಸರು ಕೂಡ ನಮ್ಮಲ್ಲಿ ಇಲ್ಲ. ಕಿಶೋರ ಸಾಹಿತ್ಯ ಅಂದರೆ ಅವನು ಕಿಶೋರ್ ಯಾರು ಅಂದ.

ಟೀಚರ್_ಗದಗ

ಡಲ್ಲಾಸ್ ಅಮ್ಮನವರೇ, ಹೊಸ ಪುಸ್ತಕ ಹುಡುಕುವ ಮೊದಲು ಜೈಮಿನಿ ಭಾರತದ ಕಥೆಗಳನ್ನು ಹೇಳಿ ನೋಡಿ. ಕಡೂರು ಕಡೆಯ ದೇವನೂರಿನ ಲಕ್ಷ್ಮೀಶ ವಾರ್ಧಕ ಷಟ್ಪದಿಯಲ್ಲಿ ಬರೆದದ್ದು. ಗದ್ಯದಲ್ಲೂ ಸಿಗುತ್ತದೆ. ಯುದ್ಧ ಎಲ್ಲ ಮುಗಿದಿದೆ. ಧರ್ಮರಾಯ ಅಶ್ವಮೇಧದ ಕುದುರೆ ಬಿಟ್ಟಿದ್ದಾನೆ. ಕುದುರೆ ಒಂದೊಂದು ಊರಿಗೆ ಹೋಗುತ್ತದೆ, ಒಂದೊಂದು ಊರಲ್ಲಿ ಒಂದೊಂದು ವಿಚಿತ್ರ. ಇವತ್ತಿನ ಫ್ಯಾಂಟಸಿ ಸರಣಿಗಳು ಹೀಗೇ ಅಲ್ಲವೇ ಇರುವುದು? ಒಂದು ಕಡೆ ಪ್ರಮೀಳೆಯ ಸ್ತ್ರೀರಾಜ್ಯ, ಅಲ್ಲಿ ಗಂಡಸರೇ ಇಲ್ಲ. ಇನ್ನೊಂದು ಕಡೆ ಕುದುರೆ ಒಂದು ಬಂಡೆಗೆ ಅಂಟಿಕೊಂಡುಬಿಡುತ್ತದೆ. ಆ ಬಂಡೆ ಉದ್ದಾಲಕನ ಹೆಂಡತಿ ಚಂಡಿ. ಗಂಡ ಏನು ಹೇಳಿದರೂ ಉಲ್ಟಾ ಮಾಡುವವಳು. ಅವನು ಬೇಕಾದ್ದನ್ನು ಬೇಡ ಅಂತ ಹೇಳಿ ಕೆಲಸ ಮಾಡಿಸಿಕೊಳ್ಳಲು ಕಲಿತ, ಒಂದು ದಿನ ಮರೆತು ನೇರವಾಗಿ ಹೇಳಿಬಿಟ್ಟ, ಅಷ್ಟೇ. ಶಾಪ ಕೊಟ್ಟ, ಕಲ್ಲಾದಳು. ಮುಂದೆ ಮಣಿಪುರದಲ್ಲಿ ಅಪ್ಪ ಅರ್ಜುನನನ್ನೇ ಕೊಲ್ಲುವ ಮಗ ಬಬ್ರುವಾಹನ. ನಮ್ಮ ಕಾಲದವರಿಗೆ ಆ ಹೆಸರು ಕೇಳಿದರೆ ರಾಜ್‌ಕುಮಾರ್ ದನಿಯೇ ಕೇಳಿಸುತ್ತದೆ.

ನನ್ನ ಮೆಚ್ಚಿನದು ಚಂದ್ರಹಾಸ. ಒಂಬತ್ತನೇ ತರಗತಿಯಲ್ಲಿ ಕೊನೆಯ ಪೀರಿಯಡ್ ಬೇಸರವಾದಾಗಲೆಲ್ಲ ಇದನ್ನೇ ಹೇಳುತ್ತೇನೆ. ಅನಾಥ ಹುಡುಗ, ಎಡಗಾಲಿನಲ್ಲಿ ಆರು ಬೆರಳು. ಇವನು ಮುಂದೆ ರಾಜನಾಗುತ್ತಾನೆ ಅಂತ ಯಾರೋ ಹೇಳಿದ್ದಕ್ಕೆ ಮಂತ್ರಿ ದುಷ್ಟಬುದ್ಧಿ ಕೊಲ್ಲಲು ಕಟುಕರ ಕೈಗೆ ಕೊಡುತ್ತಾನೆ. ಅವರು ಮುಖ ನೋಡಿ ಮನಸ್ಸು ಕರಗಿ ಆರನೇ ಬೆರಳು ಮಾತ್ರ ಕತ್ತರಿಸಿ ಗುರುತಿಗೆ ಒಯ್ಯುತ್ತಾರೆ. ಹುಡುಗ ದೊಡ್ಡವನಾಗುತ್ತಾನೆ. ಮತ್ತೆ ಮಂತ್ರಿಯ ಕಣ್ಣಿಗೆ ಬೀಳುತ್ತಾನೆ. ಈ ಸಲ ಮಂತ್ರಿ ಒಂದು ಓಲೆ ಬರೆದು ಅವನ ಕೈಯಲ್ಲೇ ಕೊಟ್ಟು ತನ್ನ ಮಗನ ಹತ್ತಿರ ಕಳಿಸುತ್ತಾನೆ. ಇದನ್ನು ತಂದವನಿಗೆ ವಿಷವ ಕೊಡು ಅಂತ ಅದರಲ್ಲಿ. ದಾರಿಯಲ್ಲಿ ದಣಿದು ತೋಟದಲ್ಲಿ ಮಲಗುತ್ತಾನೆ. ಮಂತ್ರಿಯ ಮಗಳು ಅಲ್ಲಿಗೆ ಬರುತ್ತಾಳೆ, ಹುಡುಗನನ್ನು ನೋಡುತ್ತಾಳೆ, ಓಲೆ ನೋಡುತ್ತಾಳೆ, ಓದುತ್ತಾಳೆ. ಅವಳ ಹೆಸರು ವಿಷಯೆ. ನಮ್ಮಜ್ಜಿ ಹೇಳುವಾಗ, ಕಣ್ಣಿನ ಕಾಡಿಗೆಯನ್ನು ಉಗುರಿನ ತುದಿಗೆ ತೆಗೆದುಕೊಂಡು ಒಂದೇ ಒಂದು ಅಕ್ಷರ ತಿದ್ದಿದಳು. ವಿಷವ ಹೋಗಿ ವಿಷಯೆ ಆಯಿತು. ಅಣ್ಣ ಓಲೆ ಓದಿ ಅಪ್ಪನ ಆಜ್ಞೆ ಅಂತ ಸಂಭ್ರಮದಿಂದ ಮದುವೆ ಮಾಡಿಬಿಟ್ಟ.

ಕತ್ತಿ ಇಲ್ಲ, ಮಂತ್ರ ಇಲ್ಲ. ಒಂದು ಹುಡುಗಿ, ಒಂದು ಉಗುರು, ಒಂದು ಅಕ್ಷರ. ಅದೂ ಕನ್ನಡಿಗರ ಕುಂತಳ ದೇಶದಲ್ಲಿ ನಡೆದ ಕಥೆ ಅಂತ. ಈ ಭಾಗ ಬಂದಾಗ ಹಿಂದಿನ ಬೆಂಚಿನವರೂ ಮುಂದೆ ಬಾಗುತ್ತಾರೆ.

ಅರ್ಧಂಬರ್ಧ_ಬರಹಗಾರ

ಗುರುಗಳೇ, ನಿಮ್ಮ ಅನುಮತಿ ಇದ್ದರೆ ಈ ಕಥೆಯನ್ನು ವಿಷಯೆಯ ಕಡೆಯಿಂದ ಬರೆಯಲು ಶುರು ಮಾಡುತ್ತೇನೆ. ಅಪ್ಪ ಕೊಲೆಗಾರ ಅಂತ ಆ ಒಂದು ಕ್ಷಣದಲ್ಲಿ ಅವಳಿಗೆ ಗೊತ್ತಾಗುತ್ತದಲ್ಲ. ಅದನ್ನು ಯಾರಿಗೂ ಹೇಳದೆ ಅದೇ ಮನೆಯಲ್ಲಿ ಮದುವೆಯಾಗಿ ಕೂರಬೇಕು. ಗೊತ್ತಿದ್ದೂ ಸುಮ್ಮನಿರುವುದು. ಇದೇ ಅಲ್ವಾ ಹಳೇಕನ್ನಡಕ ಅವರು ಎಸ್ಮೆ ಬಗ್ಗೆ ಮೊದಲು ಹೇಳಿದ್ದು?

ಟೀಚರ್_ಗದಗ

ಲಕ್ಷ್ಮೀಶನ ಅನುಮತಿ ಕೇಳಿ, ನನ್ನದೇನಿದೆ. ಬರೆಯಿರಿ. ಗುರುಕುಲ, ನಾಲ್ಕು ತಂಡ ಮಾತ್ರ ಬೇಡ.

ಹಳೇಕನ್ನಡಕ

ನಿನ್ನೆ ರಾತ್ರಿ ಮಗಳಿಗೆ ಚಂದ್ರಹಾ‌ಸ ಹೇಳಿದೆ. ಟೀಚರ್ ಬರೆದದ್ದನ್ನೇ ಸ್ವಲ್ಪ ಎಳೆದು, ತೋಟ, ಹಕ್ಕಿ, ಕೊಳ ಎಲ್ಲ ಸೇರಿಸಿ. ಅಕ್ಷರ ತಿದ್ದುವ ಜಾಗಕ್ಕೆ ಬಂದಾಗ ಎದ್ದು ಕೂತಳು. "ತಡಿ, ಬರೆದು ತೋರಿಸು" ಅಂದಳು. ಕನ್ನಡ ಹೋಂವರ್ಕ್ ಅಂದರೆ ಮುಖ ಗಂಟು ಹಾಕುವವಳು ತಾನೇ ಹೋಗಿ ಪೆನ್ಸಿಲ್ ತಂದಳು. ವಿಷವ ಅಂತ ಬರೆದುಕೊಂಡು ವ ಅನ್ನು ಯೆ ಮಾಡಲು ಹೊರಟಳು. ಆಗಲಿಲ್ಲ. ಮೂರು ನಾಲ್ಕು ಸಲ ಅಳಿಸಿ ಬರೆದಳು. "ಅಮ್ಮಾ, ವ ಗೆ ಬಾಲ ಎಳೆದರೆ ಮ ಆಗುತ್ತೆ, ಯ ಆಗಲ್ಲ" ಅಂದಳು. ನೋಡಿದರೆ ಹೌದು! ಇಷ್ಟು ವರ್ಷ ಈ ಕಥೆ ಕೇಳಿದ್ದೇನೆ, ಒಮ್ಮೆಯೂ ಬರೆದು ನೋಡಿರಲಿಲ್ಲ. ಓಲೆಗರಿಯ ಹಳೇ ಅಕ್ಷರ ಓದಲು ಬರುವವರು ಇಲ್ಲಿ ಇದ್ದರೆ ದಯವಿಟ್ಟು ನಮ್ಮಿಬ್ಬರನ್ನು ಉಳಿಸಿ.

ಕೊನೆಗೆ ಲೈಟ್ ಆರಿಸಿದ ಮೇಲೆ ಕತ್ತಲಲ್ಲಿ ಕೇಳಿದಳು, "ಅವನ್ಯಾಕೆ ಓಲೆ ಓದಲಿಲ್ಲ?"

ಬೇರೆಯವರ ಓಲೆ ಓದಬಾರದು ಅಂತ ಒಳ್ಳೆ ಹುಡುಗ ಓದಲಿಲ್ಲ ಕಣೇ ಅಂದೆ.

"ನಾನಾಗಿದ್ದರೆ ಓದುತ್ತಿದ್ದೆ" ಅಂದು ಆಚೆ ಮಗ್ಗುಲಾದಳು.